ಹೇಳಲು ಧೈರ್ಯ ಬೇಕು, ಕೇಳಲು ಸಂಘ ಬೇಕು



ಜುಬಿಲಿ ಲೈನಿನ ಒಂದು ತುದಿಯ ಕೊನೆಯ ನಿಲ್ದಾಣ ಸ್ಟ್ಯಾನ್ಮೋರ್. ನಮ್ಮವರಲ್ಲಿ ಹಲವರಿಗೆ ಈ ಊರು ಗೊತ್ತಿರುವುದು ರೈಲಿನ ಮುಂದೆ ಕಾಣುವ ಹೆಸರಿನಿಂದ ಮಾತ್ರ. ಸೊಂಟ, ಮಂಡಿ, ಬೆನ್ನುಹುರಿ ಕೈಕೊಟ್ಟವರಿಗೆ ಇದು ಬ್ರಾಕ್ಲಿ ಹಿಲ್ ಮೇಲಿನ ರಾಯಲ್ ನ್ಯಾಷನಲ್ ಆರ್ಥೋಪೆಡಿಕ್ ಆಸ್ಪತ್ರೆಯ ಊರು. ಈ ಆಸ್ಪತ್ರೆಯ ಬೇರು ಹುಡುಕಿಕೊಂಡು ಹೋದರೆ ವಿಲಿಯಂ ಜಾನ್ ಲಿಟಲ್ ಎಂಬ ವೈದ್ಯರು ಸಿಗುತ್ತಾರೆ. ಚಿಕ್ಕಂದಿನ ಕಾಯಿಲೆಯಿಂದ ಅವರ ಒಂದು ಪಾದ ತಿರುಚಿಹೋಗಿತ್ತು. ಲಂಡನ್ನಿನಲ್ಲಿ ದಾರಿ ಕಾಣದೆ ಜರ್ಮನಿಯ ಹ್ಯಾನೋವರಿಗೆ ಹೋಗಿ, 1836ರಲ್ಲಿ ಸ್ಟ್ರೋಮೆಯರ್ ಎಂಬ ವೈದ್ಯರ ಕೈಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಆ ವಿದ್ಯೆಯನ್ನು ಕಲಿತು ಬಂದು, ಸುಮಾರು 1840ರ ಹೊತ್ತಿಗೆ ಲಂಡನ್ನಿನಲ್ಲಿ ಅಂಥದೇ ಪಾದದವರಿಗಾಗಿ ಆಸ್ಪತ್ರೆ ತೆರೆದರು. ಮೂರು ಹಳೆಯ ಆಸ್ಪತ್ರೆಗಳು ಒಂದಾಗಿ ಇಂದಿನ ಸಂಸ್ಥೆ ಆಯಿತು. ಅವುಗಳಲ್ಲಿ ಒಂದು ಲಿಟಲ್ ಅವರದ್ದು. ಮಕ್ಕಳ ಸೆರೆಬ್ರಲ್ ಪಾಲ್ಸಿಯ ಒಂದು ಬಗೆಗೆ ಬಹಳ ಕಾಲ ಅವರ ಹೆಸರೇ ಇತ್ತು.

ಅಂದರೆ ಆ ಆಸ್ಪತ್ರೆಯ ಕಥೆಯ ಮೊದಲಲ್ಲಿ ನಿಂತಿರುವುದು ಒಬ್ಬ ಅಂಗವಿಕಲ ವೃತ್ತಿಪರ. ತನ್ನ ಪಾದವನ್ನು ಅವರು ಮುಚ್ಚಿಡಲಿಲ್ಲ, ಅದರಿಂದಲೇ ಕಲಿತರು. ಆದರೆ ಒಂದು ಮಾತು ನೆನಪಿರಲಿ. ಡಾಕ್ಟರ್ ಲಿಟಲ್ ಅವರಿಗೆ ಸ್ಪಾನ್ಸರ್ ಇರಲಿಲ್ಲ, ವೀಸಾದ ಕೊನೆಯ ದಿನಾಂಕವೂ ಇರಲಿಲ್ಲ. ನಮ್ಮವರಿಗೆ ಎರಡೂ ಉಂಟು.

ನಮ್ಮಲ್ಲಿ ಯಾರ್ಯಾರು ಇದ್ದಾರೆ ಎಂದು ಒಮ್ಮೆ ನೋಡಿ. ವಾರ್ಡಿನಲ್ಲಿ ಒಂದು ಕಿವಿ ಸರಿ ಕೇಳದ ನರ್ಸ್ ಇದ್ದಾರೆ. ರೋಗಿಗಳನ್ನು ಎತ್ತಿ ಎತ್ತಿ ಬೆನ್ನು ಹೋದ ಕೇರ್ ವರ್ಕರ್ ಇದ್ದಾರೆ. ಕೋಡ್ ಬರೆಯುವುದರಲ್ಲಿ ಹುಲಿ, ಆದರೆ ಓಪನ್ ಆಫೀಸಿನ ಗದ್ದಲದಲ್ಲಿ ಮಂಡೆ ಸಿಡಿಯುವ ಐಟಿ ಹುಡುಗ ಇದ್ದಾನೆ. ಅಕ್ಷರಗಳು ಕಣ್ಣೆದುರು ಕುಣಿಯುವುದರಿಂದ ಗೋಡೌನಿನ ಲಿಸ್ಟನ್ನು ಎರಡೆರಡು ಸಲ ಓದುವವರೂ ಇದ್ದಾರೆ. ಡಿಸ್ಲೆಕ್ಸಿಯಾ, ಎಡಿಎಚ್‌ಡಿ, ಆಟಿಸಂ ಇವೆಲ್ಲವನ್ನು ಸೇರಿಸಿ ಈಗ ನ್ಯೂರೋಡೈವರ್ಸಿಟಿ ಎನ್ನುತ್ತಾರೆ. ಎಲ್ಲರ ಮೆದುಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದಲ್ಲ ಎಂಬುದಷ್ಟೇ ಅದರ ಅರ್ಥ. ನಮ್ಮ ಊರಿನ ಭಾಷೆಯಲ್ಲಿ ಇದಕ್ಕೆಲ್ಲ ಒಂದೇ ಮಾತು: ‘ಅವನಿಗೆ ಮಂಡೆ ಸಮ ಇಲ್ಲ.’

ಇವರಲ್ಲಿ ಹೆಚ್ಚಿನವರು ಬಾಯಿ ಬಿಡುವುದಿಲ್ಲ. ಕಾರಣ ಎಲ್ಲರಿಗೂ ಗೊತ್ತು. ಕೆಲಸ ಹೋದರೆ ಸ್ಪಾನ್ಸರ್‌ಶಿಪ್ ಹೋಯಿತು. ಸ್ಪಾನ್ಸರ್‌ಶಿಪ್ ಹೋದರೆ ಹೋಮ್ ಆಫೀಸ್ ಸಾಮಾನ್ಯವಾಗಿ ಕೊಡುವುದು 60 ದಿನ. ಅಷ್ಟರೊಳಗೆ ಹೊಸ ಮಾಲೀಕ ಸಿಗಬೇಕು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. 2025ರ ಜುಲೈ 22ರಿಂದ ಹೊರದೇಶದಿಂದ ಹೊಸದಾಗಿ ಕೇರ್ ವರ್ಕರ್‌ಗಳನ್ನು ಕರೆಸುವ ದಾರಿಯೇ ಮುಚ್ಚಿದೆ. ಒಮ್ಮೆ ವಾಪಸ್ ಹೋದರೆ ಅದೇ ಕೆಲಸಕ್ಕೆ ಮತ್ತೆ ಬರಲಿಕ್ಕಾಗುವುದಿಲ್ಲ ಎಂಬ ಹೆದರಿಕೆ ಸುಳ್ಳಲ್ಲ. ಹಾಗಾಗಿ ನೋವಿನ ಮಾತ್ರೆ ನುಂಗಿ ಶಿಫ್ಟಿಗೆ ಹೋಗುವವರನ್ನು ಯಾರೂ ದೂಷಿಸಬಾರದು.

ಆದರೆ ಮುಚ್ಚಿಡುವುದರಿಂದ ಆಗುವ ನಷ್ಟವನ್ನೂ ಲೆಕ್ಕ ಹಾಕಬೇಕು. ಈ ದೇಶದ 2010ರ ಈಕ್ವಾಲಿಟಿ ಆಕ್ಟ್ ಪ್ರಕಾರ, ದೇಹದ ಅಥವಾ ಮನಸ್ಸಿನ ಒಂದು ತೊಂದರೆ 12 ತಿಂಗಳು ಇದ್ದರೆ ಅಥವಾ ಅಷ್ಟು ಕಾಲ ಇರುವ ಸಂಭವವಿದ್ದರೆ, ಮತ್ತು ದಿನನಿತ್ಯದ ಕೆಲಸಕ್ಕೆ ಅದರಿಂದ ಗಣನೀಯ ಅಡ್ಡಿಯಾಗುತ್ತಿದ್ದರೆ, ಅದು ಡಿಸೆಬಿಲಿಟಿ. ವೀಲ್‌ಚೇರ್ ಇರಲೇಬೇಕೆಂದಿಲ್ಲ. ಆಟಿಸಂ, ಎಡಿಎಚ್‌ಡಿಗೆ ವೈದ್ಯರ ಅಂತಿಮ ಸರ್ಟಿಫಿಕೇಟ್ ಕೈಗೆ ಬಂದಿರಲೇಬೇಕೆಂದೂ ಇಲ್ಲ. ತೊಂದರೆಯ ಪರಿಣಾಮ ಎಷ್ಟು ಎಂಬುದು ಮುಖ್ಯ. ಅಂಥವರಿಗಾಗಿ ಮಾಲೀಕರು ‘ರೀಸನೆಬಲ್ ಅಡ್ಜಸ್ಟ್‌ಮೆಂಟ್’, ಅಂದರೆ ನ್ಯಾಯವಾದ ಹೊಂದಾಣಿಕೆ ಮಾಡಿಕೊಡಬೇಕು. ಬಾಯಲ್ಲಿ ಹೇಳುವ ಸೂಚನೆಯನ್ನು ಬರೆದು ಕೊಡುವುದು, ಶಿಫ್ಟಿನ ಸಮಯ ಬದಲಿಸುವುದು, ಗದ್ದಲವಿಲ್ಲದ ಮೂಲೆಯಲ್ಲಿ ಮೇಜು ಹಾಕುವುದು, ಭಾರ ಎತ್ತಲು ಹಾಯ್ಸ್ಟ್ ಕೊಡುವುದು, ಎಲ್ಲ ಇದರಲ್ಲಿ ಬರುತ್ತದೆ. ಯಾವುದು ನ್ಯಾಯವಾದದ್ದು ಎಂಬುದು ಖರ್ಚು, ಸಂಸ್ಥೆಯ ಗಾತ್ರ, ಕೆಲಸದ ಸ್ವರೂಪ ನೋಡಿ ತೀರ್ಮಾನವಾಗುತ್ತದೆ. ಆದರೆ ಆ ಖರ್ಚನ್ನು ಕೆಲಸಗಾರನ ಸಂಬಳದಿಂದ ಕಡಿಯುವ ಹಾಗಿಲ್ಲ. ತಾರತಮ್ಯದ ವಿರುದ್ಧ ಈ ರಕ್ಷಣೆ ಕೆಲಸದ ಮೊದಲ ದಿನದಿಂದಲೇ ಇದೆ. ಇಷ್ಟೇ ಅಲ್ಲ, ಕೆಲಸ ಕೊಡುವ ಮೊದಲೇ ಆರೋಗ್ಯದ ಬಗ್ಗೆ ಪ್ರಶ್ನೆ ಕೇಳುವುದಕ್ಕೆ ಕಾನೂನಿನ ತಡೆ ಇದೆ. ಕೆಲವು ನಿರ್ದಿಷ್ಟ ಸಂದರ್ಭಗಳಲ್ಲಿ ಮಾತ್ರ ವಿನಾಯಿತಿ.

ಇಲ್ಲಿ ಒಂದು ಮುಖ್ಯ ಷರತ್ತು ಉಂಟು. ತೊಂದರೆ ಇರುವುದು ಮಾಲೀಕನಿಗೆ ಗೊತ್ತಿಲ್ಲದಿದ್ದರೆ, ಗೊತ್ತಾಗಬೇಕಿತ್ತು ಎನ್ನುವ ಹಾಗೂ ಇಲ್ಲದಿದ್ದರೆ, ಹೊಂದಾಣಿಕೆ ಮಾಡುವ ಹೊಣೆ ಅವನ ಮೇಲೆ ಬರುವುದಿಲ್ಲ. ಅಂದರೆ ನಾವು ಕೆಲಸ ಉಳಿಸಲಿಕ್ಕೆ ಮುಚ್ಚಿಟ್ಟ ಮಾತೇ ಕೆಲಸ ಹೋಗುವ ದಿನ ನಮ್ಮ ಕೈಯಿಂದ ಕಾನೂನನ್ನು ಕಿತ್ತುಕೊಳ್ಳುತ್ತದೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಈ ಕಾನೂನು ದೊಡ್ಡ ಆಫೀಸಿನವರಿಗೆ ಮಾತ್ರ ಎಂದು ತಿಳಿಯಬೇಡಿ. ಸ್ಕಾಟ್ಲೆಂಡಿನ ಫೈಫ್ ಕೌನ್ಸಿಲ್‌ನಲ್ಲಿ ರಸ್ತೆ ಗುಡಿಸುತ್ತಿದ್ದ ಆರ್ಚಿಬಾಲ್ಡ್ ಎಂಬ ಮಹಿಳೆಗೆ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ನಡೆಯುವುದೇ ಕಷ್ಟವಾಯಿತು. ಅದೇ ಕೌನ್ಸಿಲ್‌ನಲ್ಲಿ ನೂರಕ್ಕೂ ಹೆಚ್ಚು ಕುಳಿತು ಮಾಡುವ ಕೆಲಸಗಳಿಗೆ ಅರ್ಜಿ ಹಾಕಿದರು. ಪ್ರತಿಯೊಂದಕ್ಕೂ ಉಳಿದವರ ಜತೆ ಸ್ಪರ್ಧಿಸಬೇಕಾಗಿತ್ತು. ಒಂದೂ ಸಿಗಲಿಲ್ಲ, ಕೊನೆಗೆ ಕೆಲಸದಿಂದ ತೆಗೆದರು. 2004ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದು ಏನೆಂದರೆ, ಎಲ್ಲರನ್ನೂ ಒಂದೇ ರೀತಿ ನೋಡಿದರೆ ಸಾಲದು. ಅಂಗವಿಕಲರಿಗೆ ಹೆಚ್ಚಿನ ಅನುಕೂಲ ಮಾಡಿಕೊಡುವುದು, ಸ್ಪರ್ಧೆಯಿಲ್ಲದೆ ಬೇರೆ ಹುದ್ದೆಗೆ ಬದಲಿಸುವುದು ಕೂಡ ಮಾಲೀಕನ ಕರ್ತವ್ಯದೊಳಗೆ ಬರಬಹುದು. ಪ್ರಕರಣವನ್ನು ಮತ್ತೆ ನೋಡಲು ಟ್ರಿಬ್ಯುನಲ್‌ಗೆ ಕಳಿಸಿದರು.

2017ರ ಇನ್ನೊಂದು ಪ್ರಕರಣ ಸರಕಾರದ ಕಾನೂನು ಇಲಾಖೆಯದ್ದೇ. ಆಸ್ಪರ್ಜರ್ ಇರುವ ಒಬ್ಬ ಅಭ್ಯರ್ಥಿ, ‘ಕೊಟ್ಟ ಉತ್ತರಗಳಲ್ಲಿ ಆರಿಸಿ’ ಎಂಬ ಪರೀಕ್ಷೆಯ ಬದಲು ಚಿಕ್ಕದಾಗಿ ಬರೆದು ಉತ್ತರಿಸುತ್ತೇನೆ ಎಂದು ಕೇಳಿಕೊಂಡರು. ಇಲಾಖೆ ಒಪ್ಪಲಿಲ್ಲ. ಮೇಲ್ಮನವಿಯಲ್ಲೂ ಇಲಾಖೆ ಸೋತಿತು. ಎರಡೂ ಕಡೆ ಗಮನಿಸಿ: ಇಬ್ಬರೂ ಮೊದಲೇ ಹೇಳಿದ್ದರು, ಕೇಳಿದ್ದರು.

ಹೀಗೆ ಕಾನೂನು ಇದ್ದರೂ ವಾಸ್ತವ ಸುಖವಾಗಿಲ್ಲ. 2024ರ ಫೆಬ್ರವರಿಯಲ್ಲಿ ಬಂದ ಸರ್ ರಾಬರ್ಟ್ ಬಕ್‌ಲ್ಯಾಂಡ್ ಅವರ ವರದಿ ಹೇಳಿದ ಪ್ರಕಾರ, ಕೆಲಸದ ವಯಸ್ಸಿನ ಆಟಿಸಂ ಇರುವವರಲ್ಲಿ 10ಕ್ಕೆ ಸುಮಾರು 3 ಮಂದಿಗೆ ಮಾತ್ರ ಕೆಲಸ ಉಂಟು. ಅಂಗವಿಕಲರೆಲ್ಲರನ್ನೂ ಸೇರಿಸಿದರೆ 10ಕ್ಕೆ 5, ಅಂಗವಿಕಲರಲ್ಲದವರಲ್ಲಿ 10ಕ್ಕೆ 8. ಈ ದೇಶದಲ್ಲೇ ಹುಟ್ಟಿ, ಇಲ್ಲಿಯ ಭಾಷೆ ಬಲ್ಲವರ ಪಾಡೇ ಇದಾದರೆ, ಬೇರೆ ಚರ್ಮ, ಬೇರೆ ಉಚ್ಚಾರ, ವೀಸಾದ ಹಗ್ಗ ಇರುವವರದ್ದು ಹೇಳಬೇಕಾ?

ನಮ್ಮವರಲ್ಲಿ ಇನ್ನೊಂದು ತಪ್ಪು ತಿಳುವಳಿಕೆ ಓಡಾಡುತ್ತಿದೆ. ವೀಸಾದಲ್ಲಿ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ ಎಂದು ಬರೆದಿರುವುದರಿಂದ ಏನೂ ಕೇಳುವ ಹಾಗಿಲ್ಲ ಎಂದು. ಪಿಐಪಿ, ಯೂನಿವರ್ಸಲ್ ಕ್ರೆಡಿಟ್ ಪಬ್ಲಿಕ್ ಫಂಡ್ ಹೌದು. ಆದರೆ ಮಾಲೀಕ ಕೊಡಬೇಕಾದ ಹೊಂದಾಣಿಕೆ ಸರಕಾರದ ಭತ್ಯೆ ಅಲ್ಲ. ಅದು ಕೆಲಸದ ಜಾಗದ ಹಕ್ಕು. ಗಂಟೆ ಕಡಿಮೆ ಮಾಡಿಸುವುದಾದರೆ ಮಾತ್ರ ಜಾಗ್ರತೆ. ಸಂಬಳ ಇಳಿದರೆ ವೀಸಾದ ಮಿತಿಗೆ ತಾಗಬಹುದು. ಅಂಥ ಕಾಗದಕ್ಕೆ ಸಹಿ ಹಾಕುವ ಮೊದಲು, ಹಾಗೆಯೇ ಆಕ್ಸೆಸ್ ಟು ವರ್ಕ್ ಅನುದಾನಕ್ಕೆ ಅರ್ಜಿ ಹಾಕುವ ಮೊದಲು, ನೋಂದಾಯಿತ ವಲಸೆ ಸಲಹೆಗಾರರನ್ನು ಕೇಳಿಕೊಳ್ಳಿ. ವಾಟ್ಸ್ಆ್ಯಪ್ ವಕೀಲರನ್ನಲ್ಲ.

ಊರಿನ ಕಡೆಗೂ ಒಮ್ಮೆ ನೋಡೋಣ. ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದ ಹೆಸರು ನಮಗೆಲ್ಲ ಗೊತ್ತು. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಮನೆ ಮನೆಯಲ್ಲಿ ಮಕ್ಕಳು ಕಷ್ಟಪಟ್ಟರು. ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ಹೇಳಿದರು, ಪತ್ರಕರ್ತ ಶ್ರೀ ಪಡ್ರೆ ಬರೆದರು, ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಬಂದರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿಡೀ ಆ ವಿಷವನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಕೇರಳ ಸರಕಾರಕ್ಕೆ ಆದೇಶಿಸಿತು. ‘ಇದು ನಾಗನ ಶಾಪ, ಹಣೆಬರಹ’ ಎಂದು ಬಾಗಿಲು ಹಾಕಿ ಕುಳಿತಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ. ಹೇಳಿದ ಮೇಲೆಯೇ ನೋವು ಲೆಕ್ಕಕ್ಕೆ ಬಂತು.

ಅದೇ ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಹಿಂದಿನ 7 ಬಗೆಯ ವೈಕಲ್ಯವನ್ನು 21ಕ್ಕೆ ಏರಿಸಿತು. ಆಟಿಸಂ, ಕಲಿಕೆಯ ತೊಂದರೆಗಳೂ ಅದರಲ್ಲಿ ಸೇರಿದವು. ಸರಕಾರಿ ಕೆಲಸದ ಮೀಸಲಾತಿ ಶೇ. 3ರಿಂದ 4ಕ್ಕೆ ಹೋಯಿತು. ಇದಕ್ಕಿಂತ ಮುಖ್ಯ ಅದರ 21ನೇ ಕಲಂ. ಪ್ರತಿ ಸಂಸ್ಥೆಯೂ ಸಮಾನ ಅವಕಾಶದ ನೀತಿಯನ್ನು ಬರೆದು ಪ್ರಕಟಿಸಬೇಕು ಎನ್ನುತ್ತದೆ ಅದು. ಕಂಪೆನಿಗಳಿಗೆ ಹೇಳಿದ್ದನ್ನು ನಮ್ಮಂಥ ಸಂಘಗಳು ತಾವಾಗಿಯೇ ಏಕೆ ಮಾಡಬಾರದು? ಮುಂದಿನ ವಾರ್ಷಿಕ ಸಭೆಯಲ್ಲಿ ಚರ್ಚೆಗೆ ಇಡಬೇಕಾದ ಐದು ಅಂಶಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಒಂದು, ಗುಟ್ಟು. ಒಬ್ಬ ಸದಸ್ಯ ತನ್ನ ತೊಂದರೆಯನ್ನು ಸಂಘದ ಒಬ್ಬರಿಗೆ ಹೇಳಿದರೆ ಅದು ಆ ಒಬ್ಬರಲ್ಲೇ ಉಳಿಯಬೇಕು. ಬರಹದ ಒಪ್ಪಿಗೆ ಇಲ್ಲದೆ ಸಮಿತಿಗೂ ಹೋಗಬಾರದು. ಇಲ್ಲಿ ಹೇಳಿದ್ದು ನಾಳೆ ಊರಲ್ಲಿ ತಂಗಿಯ ಮದುವೆ ಮಾತುಕತೆಗೆ ಅಡ್ಡ ಬಂದೀತು ಎಂಬ ಹೆದರಿಕೆ ಮಾಲೀಕನ ಹೆದರಿಕೆಗಿಂತ ಸಣ್ಣದಲ್ಲ.

ಎರಡು, ಜತೆ. ಮಾಲೀಕನಿಗೆ ಪತ್ರ ಬರೆಯುವಾಗ, ಎಚ್‌ಆರ್ ಮೀಟಿಂಗಿಗೆ ತಯಾರಾಗುವಾಗ, ಯೂನಿಯನ್ ಅಥವಾ ಏಕಾಸ್ ಸಹಾಯವಾಣಿಗೆ ಫೋನ್ ಮಾಡುವಾಗ ಪಕ್ಕದಲ್ಲಿ ಕೂರಲಿಕ್ಕೆ ತರಬೇತಿ ಪಡೆದ ಒಬ್ಬರು ಬೇಕು. ಟ್ರಿಬ್ಯುನಲ್‌ಗೆ ಹೋಗುವ ಗಡುವು ಬಹಳ ಕಡಿಮೆ. ‘ನೋಡುವ, ನೋಡುವ’ ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ.

ಮೂರು, ಸಭೆ. ಮೆಟ್ಟಿಲು ಹತ್ತದೆ ಹೋಗಬಹುದಾದ ಹಾಲ್, ಲಿಫ್ಟ್ ಇರುವ ನಿಲ್ದಾಣದ ಹತ್ತಿರ. ಜುಬಿಲಿ ಲೈನಿನಲ್ಲೇ ವೆಸ್ಟ್‌ಮಿನ್‌ಸ್ಟರ್‌ನಿಂದ ಸ್ಟ್ರಾಟ್‌ಫರ್ಡ್‌ವರೆಗೆ, 1999ರಲ್ಲಿ ತೆರೆದ ಭಾಗದ ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಉಂಟು. ಕಾರ್ಯಸೂಚಿ ಮೊದಲೇ ಕೈಗೆ ಸಿಗಬೇಕು. ಮೈಕ್ ಇರಬೇಕು. ಗದ್ದಲ ತಡೆಯದವರಿಗೆ ಒಂದು ಶಾಂತ ಕೋಣೆ ಇರಬೇಕು. ಈ ಪತ್ರಿಕೆಯನ್ನು ಕನ್ನಡದಲ್ಲೂ ಬ್ಯಾರಿಯಲ್ಲೂ ಓದಿ ಧ್ವನಿಮುದ್ರಿಸಿದರೆ, ಅಕ್ಷರ ತೊಂದರೆ ಕೊಡುವವರಿಗೂ ಕಣ್ಣು ಮಂಜಾದವರಿಗೂ ಉಪಕಾರ.

ನಾಲ್ಕು, ನಮ್ಮವರೇ ಮಾಲೀಕರಾದಾಗ. ಹೋಟೆಲು, ಅಂಗಡಿ, ಟ್ಯಾಕ್ಸಿ ಕಂಪೆನಿ ನಡೆಸುವ ಸದಸ್ಯರು ನಮ್ಮಲ್ಲಿ ಇದ್ದಾರೆ. ಬೇರೆಯವರಿಂದ ನಾವು ಕೇಳುವ ನ್ಯಾಯವನ್ನು ಊರಿನ ಹುಡುಗರಿಗೆ ನಾವು ಕೊಡದಿದ್ದರೆ ಈ ಮಾತುಗಳಿಗೆಲ್ಲ ಮೂರು ಕಾಸಿನ ಬೆಲೆ ಇಲ್ಲ. ಸಂಘದ ಉದ್ಯೋಗ ಪಟ್ಟಿಯಲ್ಲಿ ಜಾಹೀರಾತು ಹಾಕುವವರು ಈ ನೀತಿಗೆ ಸಹಿ ಹಾಕಬೇಕು.

ಐದು, ಕುರ್ಚಿ. ಅಂಗವಿಕಲರು, ನ್ಯೂರೋಡೈವರ್ಸ್ ಸದಸ್ಯರು ಸಮಿತಿಯಲ್ಲಿ ಇರಬೇಕು. ಅವರ ಬಗ್ಗೆ ತೀರ್ಮಾನ ಅವರನ್ನು ಹೊರಗಿಟ್ಟು ಆಗಬಾರದು.

‘ಇದೆಲ್ಲ ಕೆಲಸ ತಪ್ಪಿಸುವವರ ನೆಪ ಮಾರಾಯ್ರೆ’ ಎನ್ನುವವರು ಇದ್ದಾರೆ. ನೂರು ಅರ್ಜಿ ಹಾಕಿದ ಆ ರಸ್ತೆ ಗುಡಿಸುವ ಮಹಿಳೆ ಕೆಲಸ ತಪ್ಪಿಸುತ್ತಿದ್ದರಾ? ಬೆನ್ನಿಗೆ ಬೆಲ್ಟ್ ಕಟ್ಟಿ ನೈಟ್ ಶಿಫ್ಟಿಗೆ ಹೋಗುವವರು ತಪ್ಪಿಸುತ್ತಿದ್ದಾರಾ? ಹೊಂದಾಣಿಕೆ ಕೇಳುವುದು ಕೆಲಸ ಬಿಡಲಿಕ್ಕಲ್ಲ, ಕೆಲಸ ಮಾಡಲಿಕ್ಕೆ.

ಹೇಳಿದ ತಕ್ಷಣ ಎಲ್ಲ ಸರಿಯಾಗುತ್ತದೆ ಎಂದು ಭರವಸೆ ಕೊಡಲು ನಮ್ಮಿಂದ ಆಗದು. ಕೆಟ್ಟ ಮಾಲೀಕರು ಇದ್ದಾರೆ, ಕಾನೂನಿನ ದಾರಿ ಉದ್ದ. ಯಾವಾಗ ಹೇಳಬೇಕು, ಎಷ್ಟು ಹೇಳಬೇಕು ಎಂಬುದು ಪ್ರತಿಯೊಬ್ಬರ ಸ್ವಂತ ತೀರ್ಮಾನ, ಸಂಘ ಒತ್ತಾಯಿಸುವುದಿಲ್ಲ. ಹೇಳುವ ನಿರ್ಧಾರ ಮಾಡಿದವರು ಬಾಯಲ್ಲಿ ಮಾತ್ರ ಹೇಳಿ ಬಿಡಬೇಡಿ. ಎರಡು ಸಾಲಾದರೂ ಬರೆಯಿರಿ: ನನಗೆ ಇಂಥ ತೊಂದರೆ ಉಂಟು, ಕೆಲಸದಲ್ಲಿ ಹೀಗೆ ಅಡ್ಡಿಯಾಗುತ್ತದೆ, ಇಂಥ ಹೊಂದಾಣಿಕೆ ಬೇಕು. ದಿನಾಂಕ ಹಾಕಿ, ಇಮೇಲಿನಲ್ಲಿ ಕಳಿಸಿ, ಪ್ರತಿಯನ್ನು ನಿಮ್ಮ ಸ್ವಂತ ಮೇಲ್‌ನಲ್ಲಿ ಇಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ಬರೆಯಲು ಕಷ್ಟವಾದರೆ ಕನ್ನಡದಲ್ಲೋ ಬ್ಯಾರಿಯಲ್ಲೋ ನಮಗೆ ಹೇಳಿ. ಬರೆದುಕೊಡಲಿಕ್ಕೆ ಜನ ಇದ್ದಾರೆ.