ಕೈಗೆ ಇಳಿಯದ ಓದು

ನಮ್ಮ ವಿದ್ಯಾವಂತರ ಮನೆಗಳಲ್ಲಿ ಒಂದು ಅಭಿಪ್ರಾಯವು ಬಲವಾಗಿ ಬೇರೂರಿರುವುದು. ಕಾವ್ಯ, ನಾಟಕ, ಇತಿಹಾಸ, ವೇದಾಂತ ಇವುಗಳನ್ನು ಓದುವವನೇ ಓದುಗನು. ಕಸುಬಿನ ಪತ್ರಿಕೆಯನ್ನು ತಿರುವಿಹಾಕುವವನು ಕೇವಲ ಕಾಲ ಕಳೆಯುವವನು. ಪರದೇಶಗಳಲ್ಲಿ ಮರದ ಕೆತ್ತನೆಯನ್ನು ಹವ್ಯಾಸವಾಗಿ ಇಟ್ಟುಕೊಂಡವರಿಗಾಗಿಯೇ ಪತ್ರಿಕೆಗಳುಂಟು, ಗೃಹಸ್ಥರು ಅವುಗಳ ಬರವನ್ನು ಕಾದಿದ್ದು ಓದುವರು, ಎಂದು ಹೇಳಿದರೆ ನಮ್ಮ ಮಿತ್ರರು ನಗುವರು. “ಅದೆಂತಹ ಓದು ಸ್ವಾಮಿ? ಚಿತ್ರ ನೋಡುವುದು, ಗೆರೆ ಎಳೆಯುವುದು, ಮರ ಕೆರೆಯುವುದು!” ಎನ್ನುವರು. ಈ ನಗೆಯು ಅವಿಚಾರದಿಂದ ಹುಟ್ಟಿದುದೆಂದೂ, ಆ ಹವ್ಯಾಸಿಗಳ ಓದೇ ನಮ್ಮ ಓದಿಗಿಂತ ಹೆಚ್ಚು ಶಾಸ್ತ್ರಸಮ್ಮತವಾದುದೆಂದೂ ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ಇದು ನಿನ್ನೆ ಮೊನ್ನೆಯ ಚಾಪಲ್ಯವಲ್ಲ. ಇಂಗ್ಲೆಂಡಿನಲ್ಲಿ ಮನೆಮನೆಗೂ ಕೈಗೆಲಸವನ್ನು ಕಲಿಸಬೇಕೆಂದು ‘ಹೋಮ್ ಆರ್ಟ್ಸ್ ಅಂಡ್ ಇಂಡಸ್ಟ್ರೀಸ್ ಅಸೋಸಿಯೇಷನ್’ ಎಂಬ ಸಂಘವು 1884 ರಲ್ಲಿ ಹುಟ್ಟಿತು. ಅಮೆರಿಕದ ಚಾರ್ಲ್ಸ್ ಗಾಡ್‌ಫ್ರೇ ಲೀಲಂಡನು ಮರದ ಕೆತ್ತನೆಯನ್ನು ಕುರಿತು 1890 ರಲ್ಲಿ ಒಂದು ಕೈಪಿಡಿಯನ್ನು ಪ್ರಕಟಿಸಿದನು. ಅದೇ ದೇಶದಲ್ಲಿ 1953 ರಲ್ಲಿ ಹವ್ಯಾಸಿ ಕೆತ್ತನೆಗಾರರ ರಾಷ್ಟ್ರೀಯ ಸಂಘವೊಂದು ಸ್ಥಾಪಿತವಾಗಿ, ಸದಸ್ಯರಿಗೆ ‘ಚಿಪ್ ಚಾಟ್ಸ್’ ಎಂಬ ಪತ್ರಿಕೆಯನ್ನು ಕಳುಹಿಸಿತು. ‘ಚೆಕ್ಕೆಯ ಹರಟೆ’ ಎಂದು ನಾವು ಆ ಹೆಸರನ್ನು ಕನ್ನಡಿಸಬಹುದು. 1997 ರಲ್ಲಿ ಪೆನ್ಸಿಲ್ವೇನಿಯಾ ಪ್ರಾಂತದಿಂದ ‘ವುಡ್‌ಕಾರ್ವಿಂಗ್ ಇಲ್ಲಸ್ಟ್ರೇಟೆಡ್’ ಎಂಬ ತ್ರೈಮಾಸಿಕವು ಹೊರಟಿತು. ಇವುಗಳ ಓದುಗರಲ್ಲಿ ಹೆಚ್ಚಿನವರು ಕೆತ್ತನೆಯಿಂದ ಹೊಟ್ಟೆ ಹೊರೆಯುವವರಲ್ಲ. ನಿವೃತ್ತರು, ಕಚೇರಿಯವರು, ಉಪಾಧ್ಯಾಯರು, ಗೃಹಿಣಿಯರು, ನಮ್ಮಂತಹವರೇ.

ಅವರು ಓದುವ ಬಗೆಯನ್ನು ಗಮನಿಸಬೇಕು. ಸಂಚಿಕೆಯು ಕೈಸೇರಿದೊಡನೆ ಮೊದಲು ಚಿತ್ರಗಳನ್ನೆಲ್ಲ ಒಮ್ಮೆ ನೋಡುವರು. ಇತರ ಓದುಗರು ಮಾಡಿ ಕಳುಹಿಸಿದ ಕೆಲಸಗಳ ಪುಟದಲ್ಲಿ ತಡೆದು ನಿಲ್ಲುವರು. ಬಳಿಕ ಒಂದು ಪಾಠವನ್ನು ಆರಿಸಿಕೊಳ್ಳುವರು. ಅದರಲ್ಲಿ ಒಂದೊಂದು ಹೆಜ್ಜೆಗೂ ಒಂದೊಂದು ಛಾಯಾಚಿತ್ರ, ಅದರ ಕೆಳಗೆ ಎರಡು ಮೂರು ವಾಕ್ಯ. ನಕಾಶೆಯನ್ನು ಬೇಕಾದ ಅಳತೆಗೆ ಹಿಗ್ಗಿಸಿಕೊಂಡು, ಮಸಿಕಾಗದವಿಟ್ಟು ಮರದ ಮೇಲೆ ತಿದ್ದುವರು. ಮರವು ಸಾಮಾನ್ಯವಾಗಿ ಬಾಸ್‌ವುಡ್. ಮೃದುವಾದ, ಸಮನಾದ ನಾರಿನ, ತಿಳಿಬಣ್ಣದ ಮರ. ಪತ್ರಿಕೆಯನ್ನು ಎದುರಿಗೆ ತೆರೆದಿಟ್ಟು, ಅಲಗನ್ನು ತೊಗಲಿನ ಪಟ್ಟಿಯ ಮೇಲೆ ಮಸೆದು, ಒಂದು ಚಿತ್ರ ನೋಡಿ ಒಂದು ಚೆಕ್ಕೆ ತೆಗೆಯುವರು. ಮತ್ತೆ ಚಿತ್ರ, ಮತ್ತೆ ಚೆಕ್ಕೆ. ಹೀಗೆ ಒಂದು ಪುಟವನ್ನು ಓದಿ ಮುಗಿಸಲು ಹತ್ತು ಸಂಜೆಗಳಾಗುವುದೂ ಉಂಟು. ಒಂದು ಪುಟಕ್ಕೆ ಹತ್ತು ಸಂಜೆ! ನಮ್ಮಲ್ಲಿ ಯಾವ ಮಹಾಕಾವ್ಯಕ್ಕೆ ಈ ಮರ್ಯಾದೆ ಸಲ್ಲುತ್ತಿದೆಯೆಂದು ವಾಚಕರು ಎದೆ ಮುಟ್ಟಿಕೊಂಡು ಹೇಳಲಿ.

ಭಗವಾನ್ ಪತಂಜಲಿಯು ಮಹಾಭಾಷ್ಯದ ಮೊದಲ ಆಹ್ನಿಕದಲ್ಲಿ ವಿದ್ಯೆಯು ನಾಲ್ಕು ಬಗೆಯಿಂದ ಸಾರ್ಥಕವಾಗುವುದೆಂದಿದ್ದಾನೆ. ಗುರುವಿನಿಂದ ಪಡೆಯುವ ಕಾಲ, ತಾನೇ ಅಭ್ಯಾಸಮಾಡುವ ಕಾಲ, ಇತರರಿಗೆ ಹೇಳಿಕೊಡುವ ಕಾಲ, ವ್ಯವಹಾರದಲ್ಲಿ ತರುವ ಕಾಲ. ಈ ನಾಲ್ಕನ್ನೂ ಆ ಹವ್ಯಾಸಿಯ ಮೇಲಿಟ್ಟು ನೋಡಿರಿ. ಪತ್ರಿಕೆಯಿಂದ ಪಡೆದನು, ಸಂಜೆಗಳಲ್ಲಿ ಅಭ್ಯಾಸಮಾಡಿದನು, ತನ್ನ ಊರಿನ ಕೆತ್ತನೆಯ ಕೂಟದಲ್ಲಿ ಹೊಸಬನಿಗೆ ತೋರಿಸಿಕೊಟ್ಟನು, ಕೆತ್ತಿದ ಚಮಚವನ್ನು ಮನೆಯವರ ಕೈಗಿತ್ತನು. ನಾಲ್ಕೂ ಪೂರ್ಣ. ಇನ್ನು ನಮ್ಮ ಓದು? ಮೊದಲನೆಯದು ಸ್ವಲ್ಪ, ಎರಡನೆಯದು ಪರೀಕ್ಷೆಯವರೆಗೆ, ಮೂರನೆಯದು ಸಂಬಳವಿದ್ದರೆ, ನಾಲ್ಕನೆಯದು ಇಲ್ಲವೇ ಇಲ್ಲ.

ಪ್ರತಿಪಕ್ಷದವರು ಸುಮ್ಮನಿರರು. “ಅಚ್ಚಾದ ನಕಾಶೆಯನ್ನು ತಿದ್ದಿ ಕೆತ್ತುವುದು ಅನುಕರಣವಲ್ಲವೆ? ಅದರಲ್ಲಿ ಪ್ರತಿಭೆಯೆಲ್ಲಿ?” ಎಂದು ಕೇಳುವರು. ನಾನು ಮರುಪ್ರಶ್ನೆ ಹಾಕುವೆನು. ಮರಳಿನ ಮೇಲೆ ಅಯ್ಯಗಳು ಬರೆದ ‘ಅ’ಕಾರವನ್ನು ಬೆರಳಿನಿಂದ ತಿದ್ದದೆ ನಮ್ಮಲ್ಲಿ ಅಕ್ಷರ ಕಲಿತವರು ಯಾರು? ತಿದ್ದುವುದು ವಿದ್ಯೆಯ ಹೊಸ್ತಿಲು. ಹೊಸ್ತಿಲಲ್ಲಿ ನಿಂತವನನ್ನು ಮನೆಯೊಳಗೆ ಬರಲಿಲ್ಲವೆಂದು ಹಳಿಯುವುದು ನ್ಯಾಯವಲ್ಲ. ಅದೂ ಅಲ್ಲದೆ, ಕಾಗದವು ಅನುಕರಣವನ್ನು ಸಹಿಸುವುದು, ಮರವು ಸಹಿಸದು. ಒಂದೇ ನಕಾಶೆಯನ್ನು ಇಬ್ಬರು ಕೆತ್ತಿದರೆ ಎರಡು ತುಂಡುಗಳ ನಾರಿನ ಓಟ ಬೇರೆ, ಗಂಟು ಬೇರೆ. ನಾರಿಗೆ ಎದುರಾಗಿ ಅಲಗು ನಡೆದರೆ ಮರವು ಸೀಳುವುದು. ಆದ್ದರಿಂದಲೇ ಎಲ್ಲೆಯ ಗೆರೆಯ ಮೇಲೆ ಮೊದಲು ನೇರವಾಗಿ ಒಂದು ಕಚ್ಚು ಹಾಕಿ, ಅನಂತರ ಪಕ್ಕದಿಂದ ಆ ಕಚ್ಚಿನವರೆಗೆ ಮಾತ್ರ ಚೆಕ್ಕೆ ತೆಗೆಯಬೇಕೆಂದು ಪತ್ರಿಕೆಯು ಬೋಧಿಸುವುದು. ಈ ವಾಕ್ಯವನ್ನು ಕಂಠಪಾಠ ಮಾಡಿದ ಮಾತ್ರಕ್ಕೆ ಅರ್ಥವಾಗದು. ಒಂದು ತುಂಡು ಕೆಟ್ಟಮೇಲೆ ಅರ್ಥವಾಗುವುದು.

“ವಿಷಯಗಳಾದರೂ ಕ್ಷುದ್ರ, ಮುದುಕ, ನಾಯಿ, ಕೋಳಿ” ಎಂಬುದು ಎರಡನೆಯ ಆಕ್ಷೇಪ. ಸ್ವೀಡನ್ನಿನ ಆಕ್ಸೆಲ್ ಪೀಟರ್‌ಸನ್ನನು (1868–1925) ತನ್ನ ಹಳ್ಳಿಯ ರೈತರನ್ನೂ ಕುದುರೆಗಳನ್ನೂ ಶವಯಾತ್ರೆಯನ್ನೂ ಚಾಕುವಿನ ಗುರುತು ಅಳಿಸದೆ ಕೆತ್ತಿದನು. ಇಂದು ಅವನ ಕೆಲಸಕ್ಕಾಗಿ ಒಂದು ವಸ್ತುಸಂಗ್ರಹಾಲಯವೇ ಇದೆ. ವಸ್ತುವಿನಿಂದ ಕಲೆ ಕ್ಷುದ್ರವಾಗುವುದಿಲ್ಲ. ಕಾವ್ಯಾಭ್ಯಾಸದಿಂದ ಮನಸ್ಸಿನ ಕನ್ನಡಿಯು ನಿರ್ಮಲವಾದವನೇ ಸಹೃದಯನೆಂದು ಅಭಿನವಗುಪ್ತಾಚಾರ್ಯರ ಮತ. ಅಭ್ಯಾಸವೆಂಬ ಮಾತನ್ನು ಗಮನಿಸಿರಿ. ಒಂದು ಕೋಳಿಯನ್ನಾದರೂ ಕೆತ್ತಿದವನು ಜರ್ಮನಿಯ ರೀಮೆನ್‌ಷ್ನೈಡರನು (ಮರಣ 1531) ಲಿಂಡನ್ ಮರದಲ್ಲಿ ಬಿಡಿಸಿದ ಬಟ್ಟೆಯ ಮಡಿಕೆಗಳ ಮುಂದೆ ನಿಂತರೆ, ಅವನ ಕಣ್ಣಿನೊಡನೆ ಕೈಯೂ ಬೆರಗಾಗುವುದು. ಕೆತ್ತದವನು “ಚೆನ್ನಾಗಿದೆ” ಎಂದು ಮುಂದಕ್ಕೆ ನಡೆಯುವನು.

“ಓದಿ ಕೆತ್ತದೆ, ಸಂಚಿಕೆಗಳನ್ನು ಅಟ್ಟಕ್ಕೇರಿಸುವವರೂ ಇಲ್ಲವೆ?” ಇರುವರು. ಆದರೆ ಅಟ್ಟದಿಂದ ಇಳಿಸಿದ ದಿನವೇ ಆ ಪತ್ರಿಕೆಯು ಮತ್ತೆ ಕೆಲಸಕ್ಕೆ ಕರೆಯುವುದು.

ಇಷ್ಟೆಲ್ಲ ಪರದೇಶದ ಮಾತು ನಮಗೇಕೆ? ಇಲ್ಲಿಯೇ ನನ್ನ ನಿಜವಾದ ಜಗಳವಿರುವುದು. ವಾತ್ಸ್ಯಾಯನನು ನಾಗರಿಕನು ಕಲಿಯಬೇಕಾದ ಅರವತ್ತನಾಲ್ಕು ಕಲೆಗಳಲ್ಲಿ ತಕ್ಷಣವನ್ನು, ಅಂದರೆ ಮರಗೆಲಸವನ್ನು, ಸೇರಿಸಿದ್ದಾನೆ. ಅಮರಸಿಂಹನು ಬಡಗಿಗೆ ಐದು ಹೆಸರುಗಳನ್ನು ಹೇಳಿದನು. ಪಾಠಶಾಲೆಗಳಲ್ಲಿ ನಾವು ಐದನ್ನೂ ಒಪ್ಪಿಸಿದೆವು. ಉಳಿಯನ್ನು ಯಾವ ಕೈಯಲ್ಲಿ, ಕೊಡತಿಯನ್ನು ಯಾವ ಕೈಯಲ್ಲಿ ಹಿಡಿಯಬೇಕೆಂದು ನಮಗೆ ಯಾರೂ ಹೇಳಲಿಲ್ಲ. ನಾವು ಮಕ್ಕಳಿಗೂ ಹೇಳುತ್ತಿಲ್ಲ. ಇತ್ತ ಸಾಗರ, ಸೊರಬ ಸೀಮೆಗಳಲ್ಲಿ ಗುಡಿಗಾರರು ತಲೆತಲಾಂತರದಿಂದ ಗಂಧದ ತುಂಡಿನಲ್ಲಿ ಬಳ್ಳಿಯನ್ನೂ ದೇವತೆಯನ್ನೂ ಅರಳಿಸಿಕೊಂಡು ಬಂದಿದ್ದಾರೆ. ಅವರ ವಿದ್ಯೆಯು ತಂದೆಯ ಕೈಯಿಂದ ಮಗನ ಕೈಗೆ ಸಾಗಿದುದು. ಅವರ ಕೆಲಸವನ್ನು ಕೊಳ್ಳಬೇಕಾದ ಗೃಹಸ್ಥನು ಏನು ಕೇಳುವನು? “ಗಂಧ ಎಷ್ಟು ತೂಕವಿದೆ?” ಎಂದು. ಮರಕ್ಕೆ ಬೆಲೆ, ಕೈಗೆ ಬೆಲೆಯಿಲ್ಲ! ಹತ್ತು ಸಂಜೆ ಕುಳಿತು ಒಂದು ಎಲೆಯನ್ನು ಕೆತ್ತಿ ಕೆಡಿಸಿದವನಾಗಿದ್ದರೆ ಅವನು ಹಾಗೆ ಕೇಳುತ್ತಿರಲಿಲ್ಲ. ಹವ್ಯಾಸಿಯು ಕಸುಬಿನವನ ಅನ್ನವನ್ನು ಕಸಿಯುವನೆಂಬ ಭಯವು ಹುರುಳಿಲ್ಲದುದು. ಕೆಲಸದ ಬೆಲೆ ಬಲ್ಲ ಗಿರಾಕಿಯು ಅವನೊಬ್ಬನೇ.

ಆದುದರಿಂದ ನನ್ನ ಬೇಡಿಕೆಗಳು ಎರಡು. ನಮ್ಮ ಸಂಘವು ಈ ಪತ್ರಿಕೆಯ ಪ್ರತಿಯೊಂದು ಸಂಚಿಕೆಯಲ್ಲಿಯೂ ಒಂದು ಪುಟವನ್ನು ಕೈಗೆಲಸದ ಪಾಠಕ್ಕೆ, ಚಿತ್ರಸಹಿತವಾಗಿ, ತೆಗೆದಿಡಲಿ. ವರ್ಷಕ್ಕೊಮ್ಮೆ ಒಬ್ಬ ಗುಡಿಗಾರರನ್ನು ಉಪನ್ಯಾಸಕರಿಗೆ ಸಲ್ಲುವ ಗೌರವದಿಂದಲೂ ಸಂಭಾವನೆಯಿಂದಲೂ ಕರೆಯಿಸಿ, ವೇದಿಕೆಯ ಮೇಲೆ ಕುಳ್ಳಿರಿಸಿ, ನಾವೂ ನಮ್ಮ ಮಕ್ಕಳೂ ಎದುರಿಗೆ ಮರದ ತುಂಡು ಹಿಡಿದು ಕೂರೋಣ. ಒಂದು ಪುಟ ಕಾವ್ಯವಿಮರ್ಶೆ ಕಡಮೆಯಾದರೆ ಕನ್ನಡಕ್ಕೆ ನಷ್ಟವಿಲ್ಲ. ಕೈಗೆ ಇಳಿಯದ ಓದು ನಾಲಗೆಯಲ್ಲಿಯೇ ಒಣಗುವುದು. ಅಲಮತಿವಿಸ್ತರೇಣ.