ತಿಗಣೆ ಇದೆ ಎಂದು ಬಾಯಿಬಿಟ್ಟು ಹೇಳಿ!

ಬೆಂಗಳೂರಿನ ಪಿಜಿ, ಹಾಸ್ಟೆಲ್‌ಗಳಲ್ಲಿರುವ ಅಕ್ಕ–ತಂಗಿಯರೇ, ಅಣ್ಣ–ತಮ್ಮಂದಿರೇ,

ಬೆಳಿಗ್ಗೆ ಎದ್ದರೆ ತೋಳು, ಕತ್ತಿನ ಮೇಲೆ ಸಾಲುಸಾಲಾಗಿ ಕೆಂಪು ದದ್ದೇ? ಸೊಳ್ಳೆ ಇರಬೇಕೆಂದು ಸುಮ್ಮನಾಗಬೇಡಿ. ಹಾಸಿಗೆಯ ಹೊಲಿಗೆ, ಮಂಚದ ಸಂದುಗಳಿಗೆ ಟಾರ್ಚ್ ಬಿಟ್ಟು ನೋಡಿ. ಕರಿ ಚುಕ್ಕೆ, ಬೆಡ್‌ಶೀಟಿನಲ್ಲಿ ರಕ್ತದ ಕಲೆ ಕಂಡರೆ ತಿಗಣೆ ಸೇರಿಕೊಂಡಿರಬಹುದು.

ತಿಗಣೆ ಕಚ್ಚಿ ಮನುಷ್ಯರಿಗೆ ರೋಗ ಅಂಟಿದ್ದು ಇದುವರೆಗೆ ಸಾಬೀತಾಗಿಲ್ಲ. ಏಡ್ಸ್ ಬರುತ್ತದೆ ಎಂಬ ವಾಟ್ಸ್‌ಆ್ಯಪ್ ಸುದ್ದಿ ಶುದ್ಧ ಸುಳ್ಳು. ಆದರೆ "ಏನೂ ಆಗಲ್ಲ ಬಿಡ್ರೀ" ಎನ್ನುವ ಮಾಲೀಕರ ಮಾತೂ ಅಷ್ಟೇ ಸುಳ್ಳು. ಕೆರೆದು ಕೆರೆದು ಗಾಯವಾಗಿ ಕೀವು ತುಂಬುತ್ತದೆ. ಕೆಲವರಿಗೆ ಅಲರ್ಜಿಯಾಗಿ ಮೈಯೆಲ್ಲ ಊದುತ್ತದೆ. ಕಾಟ ಮಿತಿಮೀರಿದ ಕಡೆ ರಕ್ತಹೀನತೆಯೂ ಕಂಡುಬಂದಿದೆ. ಇನ್ನು ನಿದ್ದೆ? ದೀಪ ಆರಿಸಲೇ ಹೆದರಿ ಕೂತವರು ಪರೀಕ್ಷೆ ಹೇಗೆ ಬರೆದಾರು, ನೈಟ್ ಶಿಫ್ಟ್ ಹೇಗೆ ಮಾಡಿಯಾರು?

ಕಚ್ಚುವುದಕ್ಕಿಂತ ದೊಡ್ಡ ಅಪಾಯ ಔಷಧಿಯದು. ಕಾಳಿನ ಗೋದಾಮಿಗೆಂದು ಇರುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಯಾರೂ ರೂಮಿನಲ್ಲಿಡಬೇಡಿ, ಇಡಲು ಬಿಡಬೇಡಿ. ಅದರಿಂದ ಹೊರಡುವ ಫಾಸ್ಫೀನ್ ಅನಿಲ ಪಕ್ಕದ ರೂಮಿಗೂ ನುಗ್ಗಿ ಮಲಗಿದವರನ್ನು ಕೊಲ್ಲಬಲ್ಲದು. ಆ ವಿಷಕ್ಕೆ ಪ್ರತಿಮದ್ದಿಲ್ಲ. ಸೀಮೆಎಣ್ಣೆಯೂ ಬೇಡ, ಬೆಂಕಿಗೆ ದಾರಿ. ಸಿಂಪಡಣೆಯಾದ ರೂಮಿಗೆ, ಸಿಬ್ಬಂದಿ ಹೇಳಿದ ಹೊತ್ತು ಕಳೆದು ಕಿಟಕಿ ತೆರೆದು ಗಾಳಿಯಾಡಿಸುವವರೆಗೆ ಕಾಲಿಡಬೇಡಿ. ತಲೆಸುತ್ತು, ವಾಂತಿ, ಉಸಿರುಕಟ್ಟುವಿಕೆ ಕಂಡರೆ ಹೊರಗೆ ಬಂದು ಕೂಡಲೇ 108ಕ್ಕೆ ಕರೆ ಮಾಡಿ.

ತಿಗಣೆ ಬರುವುದು ಕೊಳಕಿನಿಂದಲ್ಲ. ಸೂಟ್‌ಕೇಸಿನಲ್ಲಿ, ಸೆಕೆಂಡ್‌ಹ್ಯಾಂಡ್ ಹಾಸಿಗೆಯಲ್ಲಿ ಬರುತ್ತದೆ. ಆದ್ದರಿಂದ ನಾಚಿಕೆಪಟ್ಟು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಒಂದು ಹೆಣ್ಣು ತನ್ನ ಆಯುಸ್ಸಿನಲ್ಲಿ 200ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕಬಲ್ಲದು. ನಿಮ್ಮ ರೂಮಿಗಷ್ಟೇ ಔಷಧಿ ಹೊಡೆದರೆ ಗೋಡೆಯಾಚೆಯ ರೂಮಿನಿಂದ ಮತ್ತೆ ಬರುತ್ತದೆ. ಬಟ್ಟೆ, ಹೊದಿಕೆಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ, ಮೊಟ್ಟೆಯೂ ಸಾಯುತ್ತದೆ.

ಈ ಭಾನುವಾರ ನಿಮ್ಮ ಕಟ್ಟಡದ ಎಲ್ಲ ರೂಮಿನವರೂ ಒಟ್ಟಾಗಿ ಮಾಲೀಕರ ಬಳಿ ಹೋಗಿ. ಲೈಸೆನ್ಸ್ ಇರುವ ಕೀಟನಿಯಂತ್ರಣ ಸಿಬ್ಬಂದಿಯಿಂದ ಇಡೀ ಕಟ್ಟಡಕ್ಕೆ ಒಂದೇ ದಿನ ಚಿಕಿತ್ಸೆ, ಎರಡು ವಾರದ ಬಳಿಕ ಮತ್ತೊಮ್ಮೆ, ಆ ದಿನಗಳಲ್ಲಿ ಉಳಿಯಲು ಬೇರೆ ಜಾಗ: ಇಷ್ಟನ್ನೂ ಬರೆದುಕೊಟ್ಟು ಕೇಳಿ. ತಿಂಗಳು ತಿಂಗಳು ಬಾಡಿಗೆ ಕಟ್ಟುವವರು ನೀವು, ಖರ್ಚು ಮಾಲೀಕರದು. ಓದಿದ ಮೇಲೆ ಈ ಕರಪತ್ರವನ್ನು ಪಕ್ಕದ ರೂಮಿನವರಿಗೆ ಕೊಡಿ.