ಹೋರಾಟದ ಬೆಲೆಯನ್ನು ದಾರಿಹೋಕರಿಂದ ವಸೂಲು ಮಾಡಬೇಡಿ

2025ರ ಫೆಬ್ರುವರಿ 21ರಂದು ಬೆಳಗಾವಿ ತಾಲ್ಲೂಕಿನಲ್ಲಿ ನಮ್ಮ ಸಾರಿಗೆ ನಿಗಮದ ಕಂಡಕ್ಟರೊಬ್ಬರು ತಮಗೆ ಮರಾಠಿ ಬರುವುದಿಲ್ಲ ಎಂದದ್ದಕ್ಕೆ ಏಟು ತಿಂದರು. ಅದು ಅನ್ಯಾಯ, ಹೊಡೆದವರಿಗೆ ಶಿಕ್ಷೆಯಾಗಲೇಬೇಕು. ಆದರೆ ಅದರ ಸೇಡು ತೀರಿದ್ದು ನೂರಾರು ಕಿಲೋಮೀಟರ್ ಆಚೆ, ಚಿತ್ರದುರ್ಗದ ಬಳಿ ಹೋಗುತ್ತಿದ್ದ ಮಹಾರಾಷ್ಟ್ರದ ಬಸ್ಸಿನ ಮೇಲೆ. ಬಸ್ಸಿಗೂ ಮಸಿ ಬಳಿದರು, ಚಾಲಕನ ಮುಖಕ್ಕೂ ಬಳಿದರು. ಮರುದಿನ ಮಹಾರಾಷ್ಟ್ರ ಸರ್ಕಾರ ಕರ್ನಾಟಕಕ್ಕೆ ಬಸ್ ಬಿಡುವುದನ್ನು ನಿಲ್ಲಿಸಿತು. ಪುಣೆಯಲ್ಲಿ ನಮ್ಮ ಬಸ್ಸುಗಳಿಗೆ ಮಸಿ ಬಿತ್ತು. ಕಂಡಕ್ಟರನ್ನು ಹೊಡೆದವರಿಗೆ ಈ ಯಾವುದರಿಂದಲೂ ಏನೂ ಆಗಲಿಲ್ಲ.

ಈ ಜಗಳದ ಬಿಸಿ ಮೊದಲು ತಟ್ಟುವುದು ಬೀದರ್ ಜಿಲ್ಲೆಯ ಮನ್ನಾಏಖೇಳ್ಳಿಯಂಥ ಊರುಗಳಿಗೆ. ಹೈದರಾಬಾದ್–ಪುಣೆ ಹೆದ್ದಾರಿಯ ಮೇಲೆ ಕೂತಿರುವ ಊರಿದು. ಒಂದು ಕಡೆ ಹೋದರೆ ಜಹೀರಾಬಾದ್, ಇನ್ನೊಂದು ಕಡೆ ಹುಮನಾಬಾದ್, ಬಸವಕಲ್ಯಾಣ ದಾಟಿದರೆ ಉಮರ್ಗಾ, ಸೊಲ್ಲಾಪುರ. 1956ರ ನವೆಂಬರ್ 1ರವರೆಗೆ ಉದಗೀರ್, ನಿಲಂಗಾಗಳೂ ಜಹೀರಾಬಾದ್, ನಾರಾಯಣಖೇಡಗಳೂ ನಮ್ಮ ಬೀದರ್ ಜಿಲ್ಲೆಯಲ್ಲೇ ಇದ್ದವು. ಜಿಲ್ಲೆ ಮೂರು ಪಾಲಾಯಿತು, ಬೀಗತನ ಪಾಲಾಗಲಿಲ್ಲ. ಇಂದಿಗೂ ಸೋಯಾ, ತೊಗರಿ ಹೇರಿಕೊಂಡು ಲಾತೂರ್, ಉದಗೀರಿನ ಅಡತಿಗೆ ಹೋಗುವವರು ನಮ್ಮವರೇ, ಕಾಯಿಲೆಯಾದರೆ ಸೊಲ್ಲಾಪುರದ ಆಸ್ಪತ್ರೆಗೆ ಓಡುವವರೂ ನಮ್ಮವರೇ. ಹುಮನಾಬಾದಿನ ಸಂತೆಯಲ್ಲಿ ನಿಂತು ನೋಡಿ: ಕೆಎ 38, ಕೆಎ 56ರ ಪಕ್ಕದಲ್ಲೇ ಎಂಎಚ್ ಪಾಸಿಂಗ್ ಗಾಡಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಸೊಲ್ಲಾಪುರದಿಂದ ತಂದ ಟೆಂಪೊವನ್ನು ಓಡಿಸುತ್ತಿರುವವನು ಕನ್ನಡದವನೇ ಇರಬಹುದು. ನಂಬರ್ ಪ್ಲೇಟ್ ನೋಡಿ ಮನುಷ್ಯನ ಮಾತು, ಮನಸ್ಸು ತೀರ್ಮಾನಿಸಲು ಈ ಸೀಮೆಯಲ್ಲಿ ಆಗುವುದೇ ಇಲ್ಲ.

ಹಾಗಾಗಿ ನೇರವಾಗಿ ಹೇಳುತ್ತೇನೆ: ಬೇರೆಯವರ ಗಾಡಿಗೆ ಮಸಿ ಬಳಿಯುವುದು, ಗಾಜು ಒಡೆಯುವುದು ಯಾವ ಹೋರಾಟಕ್ಕೂ ತಕ್ಕ ದಾರಿಯಲ್ಲ. ಕನ್ನಡದ ಹೋರಾಟಕ್ಕಂತೂ ಅಲ್ಲವೇ ಅಲ್ಲ.

ಇದನ್ನು ಸಮರ್ಥಿಸುವವರು ಮೂರು ಮಾತು ಹೇಳುತ್ತಾರೆ. ಮೂರಕ್ಕೂ ಉತ್ತರ ಕೊಡಬೇಕು.

ಮೊದಲನೆಯದು, ‘ಮಸಿ ತೊಳೆದರೆ ಹೋಗುತ್ತದೆ, ಜೀವವೇನೂ ಹೋಗುವುದಿಲ್ಲವಲ್ಲ.’ ಹೆದ್ದಾರಿಯಲ್ಲಿ ಲಾರಿ ಅಡ್ಡಗಟ್ಟಿ ಮುಂದಿನ ಗಾಜಿಗೆ ಆಯಿಲ್ ಪೇಂಟ್ ಹಚ್ಚಿದರೆ ಏನಾಗುತ್ತದೆ? ಚಾಲಕನಿಗೆ ರಸ್ತೆ ಕಾಣುವುದಿಲ್ಲ. ಸೀಮೆಎಣ್ಣೆಯೋ ಥಿನ್ನರೋ ಹುಡುಕಿ ಉಜ್ಜುತ್ತಾ ಕೂರಬೇಕು, ಒಳಗಿನ ಟೊಮೆಟೊ, ಈರುಳ್ಳಿ ಕೊಳೆಯುತ್ತವೆ. ಗಾಜು ಒಡೆದಿದ್ದರೆ ಭಾಷೆ ಬರದ ಊರಿನ ಠಾಣೆಯಲ್ಲಿ ಎಫ್‌ಐಆರ್ ಬರೆಸಬೇಕು. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಬಿಡಿಗಾಸೂ ಸಿಗುವುದಿಲ್ಲ. ಪೂರ್ತಿ ವಿಮೆ ಇದ್ದರೂ ಕ್ಲೇಮ್ ಮಾಡಿದವನ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಗಾಡಿ ನಿಂತ ದಿನಗಳಿಗೂ ಬ್ಯಾಂಕಿನ ಕಂತು ಕಟ್ಟಲೇಬೇಕು. ಬಸ್ಸಾದರೆ ಒಳಗೆ ಕೂತ ಮುದುಕರು, ಮಕ್ಕಳು ಕಿಟಕಿಯ ಹೊರಗಿನ ಕೂಗು ಕೇಳಿ ನಡುಗುತ್ತಾರೆ. ತೊಳೆದರೆ ಹೋಗುವುದು ಬಣ್ಣ ಮಾತ್ರ.

ಎರಡನೆಯದು, ‘ಅವರು ಮೊದಲು ಬಳಿದರು, ನಾವು ಸುಮ್ಮನಿರಬೇಕೆ?’ 2022ರ ನವೆಂಬರ್ ಕೊನೆಯಲ್ಲಿ ಪುಣೆ ಜಿಲ್ಲೆಯ ದೌಂಡ್‌ನಲ್ಲಿ ನಮ್ಮ ಬಸ್ಸಿನ ಮೇಲೆ ‘ಜೈ ಮಹಾರಾಷ್ಟ್ರ’ ಎಂದು ಬರೆದರು. ಡಿಸೆಂಬರ್ 6ರಂದು ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರದ ಲಾರಿಗಳ ಮೇಲೆ ನಮ್ಮವರು ಕಲ್ಲು ತೂರಿದರು. ಅದೇ ದಿನ ಪುಣೆಯ ಸ್ವಾರಗೇಟ್‌ನಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿತ್ತು. ಗೆದ್ದವರು ಯಾರು? ಬೆಳಗಾವಿಗಾಗಿ ಎರಡೂ ರಾಜ್ಯಗಳ ನಡುವೆ ನಡೆದಿರುವ ಗಡಿಯ ವ್ಯಾಜ್ಯ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಅದೇ ಗಡಿಯ ವಿಚಾರವಾಗಿ ಮಹಾಜನ ಆಯೋಗ ವರದಿ ಕೊಟ್ಟದ್ದು 1967ರಲ್ಲಿ. ಟೋಲ್ ಬಳಿ ಸಿಕ್ಕ ಲಾರಿ ಚಾಲಕನಿಗೆ ಈ ಎರಡರಲ್ಲೂ ಪಾತ್ರವಿಲ್ಲ. ಬೆಳಗಾವಿಯ ಒಂದು ಗೇಣು ನೆಲವನ್ನು ಉಳಿಸುವುದಕ್ಕಾಗಲಿ ಕಳೆಯುವುದಕ್ಕಾಗಲಿ ಅವನಿಂದ ಆಗದು. ಅವನು ಸಿಕ್ಕಿಬಿದ್ದದ್ದು ಒಂಟಿಯಾಗಿದ್ದುದರಿಂದ, ಎದುರು ಮಾತಾಡಲಾರದವನಾಗಿದ್ದುದರಿಂದ.

ಮೂರನೆಯದು ಗಂಭೀರವಾದ ಮಾತು: ‘ಮನವಿ ಕೊಟ್ಟರೆ ಯಾರೂ ಕೇಳುವುದಿಲ್ಲ, ಗದ್ದಲವಾದರೆ ಮಾತ್ರ ಟಿವಿ ಬರುತ್ತದೆ, ಮಂತ್ರಿ ಬರುತ್ತಾರೆ.’ ಸರ್ಕಾರಗಳ ಕಿವುಡುತನ ನಿಜ. ಕಲ್ಯಾಣ ಕರ್ನಾಟಕದವರಿಗಿಂತ ಚೆನ್ನಾಗಿ ಅದನ್ನು ಬಲ್ಲವರಿಲ್ಲ. ಆದರೆ ನಮ್ಮದೇ ಚರಿತ್ರೆ ಏನು ಹೇಳುತ್ತದೆ? ಈ ಭಾಗಕ್ಕೆ ವಿಶೇಷ ಸವಲತ್ತು ಕೊಡುವ ಸಂವಿಧಾನದ 371(ಜೆ) ಕಲಂ 2012ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಪಾಸಾಯಿತು. ಅದಕ್ಕಾಗಿ ಚಿಂಚೋಳಿಯ ವೈಜನಾಥ ಪಾಟೀಲರಂಥವರು ದಶಕಗಳ ಕಾಲ ಬೆನ್ನುಬಿಡದೆ ಹೋರಾಡಿದರು, ಈ ಭಾಗದ ಜನಪ್ರತಿನಿಧಿಗಳು ದೆಹಲಿಯಲ್ಲಿ ಒತ್ತಡ ಹಾಕಿದರು. ಇಂದು ನಮ್ಮ ಮಕ್ಕಳಿಗೆ ಮೆಡಿಕಲ್ ಸೀಟು, ನೌಕರಿಯಲ್ಲಿ ಮೀಸಲು ಸಿಗುತ್ತಿರುವುದು ಆ ಕಲಂನಿಂದ. ಯಾರದೋ ಗಾಡಿಯ ಗಾಜು ಒಡೆದದ್ದರಿಂದ ಅದು ಬರಲಿಲ್ಲ.

ಕಾವೇರಿಯನ್ನೇ ನೋಡಿ. 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ಒಂದು ಡಿಪೋದಲ್ಲಿ ತಮಿಳುನಾಡು ಮೂಲದ ಸಂಸ್ಥೆಯೊಂದರ ನಲವತ್ತಕ್ಕೂ ಹೆಚ್ಚು ಬಸ್ಸುಗಳನ್ನು ಸುಟ್ಟರು. ಆ ಬೆಂಕಿಯಿಂದ ಹನಿ ನೀರೂ ಹೆಚ್ಚಲಿಲ್ಲ. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ನಮ್ಮ ಪಾಲಿಗೆ 14.75 ಟಿಎಂಸಿ ಹೆಚ್ಚಿಸಿತು. ಬೆಂಗಳೂರಿನ ಕುಡಿಯುವ ನೀರಿನ ಅಗತ್ಯ, ತಮಿಳುನಾಡಿನ ಅಂತರ್ಜಲದ ಲೆಕ್ಕ ಕೋರ್ಟಿನಲ್ಲಿ ಗೆದ್ದವು.

ಇದು ನಮ್ಮ ನಾಡಿನ ರೋಗ ಮಾತ್ರ ಅಲ್ಲ. 2025ರಲ್ಲಿ ಅಮೆರಿಕದಲ್ಲಿ ಇಲಾನ್ ಮಸ್ಕ್ ಅವರ ರಾಜಕೀಯದ ಮೇಲಿನ ಸಿಟ್ಟಿಗೆ ಕೆಲವರು ಬೀದಿಯಲ್ಲಿ ನಿಂತ, ಅವರ ಕಂಪನಿಯ ಟೆಸ್ಲಾ ಕಾರುಗಳಿಗೆ ಗೀರು ಎಳೆದರು, ಬಣ್ಣ ಎರಚಿದರು. ‘ಅವರ ಬುದ್ಧಿ ತಿಳಿಯುವ ಮೊದಲೇ ಕೊಂಡ ಕಾರು ಇದು’ ಎಂಬರ್ಥದ ಸ್ಟಿಕ್ಕರ್ ಅಂಟಿಸಿಕೊಂಡು ಮಾಲೀಕರು ಓಡಾಡಬೇಕಾಯಿತು. ಶೋರೂಮಿನ ಎದುರು ಫಲಕ ಹಿಡಿದು ನಿಂತವರು ಮಸ್ಕ್ ಅವರನ್ನು ಪ್ರಶ್ನಿಸಿದರು. ಕಾರು ಕೆಡಿಸಿದವರು ನೆರೆಮನೆಯವನನ್ನು ಹೆದರಿಸಿದರು.

ಹಾಗಾದರೆ ಕಾನೂನು ಮುರಿಯುವ ಹೋರಾಟಕ್ಕೆ ಜಾಗವೇ ಇಲ್ಲವೆ? ಇದೆ. 1930ರ ದಶಕದ ಆರಂಭದಲ್ಲಿ ಅಂಕೋಲಾ, ಸಿದ್ದಾಪುರದ ರೈತರು ಬ್ರಿಟಿಷ್ ಸರ್ಕಾರಕ್ಕೆ ಕರ ನಿರಾಕರಿಸಿದರು. ಕಾನೂನು ಮುರಿದರು, ಜೈಲಿಗೆ ಹೋದರು, ತಮ್ಮ ಹೊಲಮನೆ ಜಪ್ತಿಯಾಗುವುದನ್ನು ಕಣ್ಣಾರೆ ಕಂಡರು. ಬೆಲೆಯನ್ನೆಲ್ಲ ತಾವೇ ತೆತ್ತರು. ಜನರ ಎದೆಯಲ್ಲಿ ಆ ಹೋರಾಟಕ್ಕೆ ಗೌರವ ಹುಟ್ಟಿದ್ದು ಅದರಿಂದ. ಪರರ ಗಾಡಿಗೆ ಮಸಿ ಬಳಿದು ಗುಂಪಿನಲ್ಲಿ ಕರಗಿಹೋಗುವವನು ತನ್ನ ಸಿಟ್ಟಿನ ಖರ್ಚನ್ನು ಕೂಲಿಯವನ ತಲೆಗೆ ಕಟ್ಟುತ್ತಾನೆ.

ಕಾನೂನು ಈಗಾಗಲೇ ಇದೆ. ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂ ಪ್ರಕಾರ ಹೀಗೆ ಪರರ ಗಾಡಿ ಕೆಡಿಸುವುದು ಅಪರಾಧ. ಇಂಥ ನಷ್ಟವನ್ನು ಮಾಡಿದವರಿಂದಲೂ ಸಂಘಟಿಸಿದವರಿಂದಲೂ ತುಂಬಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ಆದರೆ ಗದ್ದಲ ಮರೆತ ಮೇಲೆ ಸರ್ಕಾರಗಳು ಹೋರಾಟದ ಹೆಸರಿನಲ್ಲಿ ಕೇಸು ವಾಪಸು ಪಡೆಯುತ್ತವೆ. ಧರಣಿ, ಮೆರವಣಿಗೆ ಮಾಡಿದವರ ಕೇಸು ಹಿಂದೆಗೆಯಲಿ, ಸಂತೋಷ. ಪರರ ಗಾಡಿ ಹಾಳು ಮಾಡಿದವರ ಒಂದು ಕೇಸನ್ನೂ ಹಿಂದೆಗೆಯಬಾರದು, ಅವರು ಕನ್ನಡದವರಿರಲಿ, ಮರಾಠಿಯವರಿರಲಿ. ನಷ್ಟವಾದ ಚಾಲಕನಿಗೆ ಸರ್ಕಾರ ಮೊದಲು ಪರಿಹಾರ ಕೊಟ್ಟು, ಆಮೇಲೆ ಸಂಘಟಕರಿಂದ ವಸೂಲು ಮಾಡಲಿ.

ಬೀದರ್ ಜಿಲ್ಲೆಯ ಕನ್ನಡ ಸಂಘಟನೆಗಳು ಈ ವಿಷಯದಲ್ಲಿ ರಾಜ್ಯಕ್ಕೇ ದಾರಿ ತೋರಿಸಬಹುದು. ಗಡಿಯಲ್ಲಿ ಕನ್ನಡ ಶಾಲೆಗೆ ಮೇಷ್ಟ್ರಿಲ್ಲದಿದ್ದರೆ ಬಿಇಒ ಕಚೇರಿ ಎದುರು ಕೂರಿ. ಕಂಡಕ್ಟರಿಗೆ ಏಟು ಬಿದ್ದರೆ ಪೊಲೀಸ್ ವರಿಷ್ಠರನ್ನು, ಸಾರಿಗೆ ಸಚಿವರನ್ನು ಘೇರಾವ್ ಮಾಡಿ. ಸಾವಿರ ಜನ ಬನ್ನಿ, ನಾವೂ ಬರುತ್ತೇವೆ. ಆದರೆ ಹೆದ್ದಾರಿಯಲ್ಲಿ ಹೋಗುವ ಗಾಡಿ ಯಾವ ಪಾಸಿಂಗ್‌ನದೇ ಆಗಿರಲಿ, ಅದನ್ನು ಮುಟ್ಟುವುದಿಲ್ಲ ಎಂದು ಬಹಿರಂಗವಾಗಿ ಘೋಷಿಸಿ. ಹಾಗೆ ಹೇಳಿದ ಸಂಘಟನೆಗೆ ಮಾತ್ರ ಪುಣೆಯಲ್ಲಿ ನಮ್ಮ ಬಸ್ಸಿಗೆ ಮಸಿ ಬಿದ್ದಾಗ ತಲೆಯೆತ್ತಿ ನ್ಯಾಯ ಕೇಳುವ ಅಧಿಕಾರ ಇರುತ್ತದೆ.